ಮೂರು ನಾಲ್ಕು, ಮೂರು ನಾಲ್ಕು: ಪದ್ಯದ ಅಳತೆ ಕಿವಿಯಿಂದ ಕಾಗದಕ್ಕೆ ಬಂದ ಕಥೆ

ಕಾರವಾರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಈ ಸಲ ಹತ್ತನೇ ತರಗತಿ. ಮೊನ್ನೆ ಸಂಜೆ ಪುಸ್ತಕ ಹಿಡಿದುಕೊಂಡು ಬಂದಳು. 'ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ' ಅನ್ನುವ ಪ್ರಶ್ನೆ. ಅಂದರೆ ಪ್ರತಿ ಅಕ್ಷರ ಲಘುವೋ (ಗಿಡ್ಡದ್ದು) ಗುರುವೋ (ಎಳೆದು ಅಥವಾ ಒತ್ತಿ ಹೇಳುವಂಥದ್ದು) ಅಂತ ಚಿಹ್ನೆ ಹಾಕಿ, ಅಳತೆಯ ಗುಂಪು ಮಾಡುವುದು. ಚಿಹ್ನೆ ಎಲ್ಲ ಸರಿಯಾಗಿಯೇ ಹಾಕಿದ್ದಳು. ಆದರೆ ಆ ಪದ್ಯವನ್ನು ಒಮ್ಮೆಯೂ ಬಾಯಿಬಿಟ್ಟು ಓದಿರಲಿಲ್ಲ. ನನಗೆ ನಿಜಕ್ಕೂ ಬೇಸರವಾಯಿತು. ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ) ಕೇಳುತ್ತ ಬೆಳೆಯುವ ಜಿಲ್ಲೆ ನಮ್ಮದು, ಅಲ್ವಾ?

ಪುಸ್ತಕ ಮುಚ್ಚಿಟ್ಟು, ಅವಳಿಗೋಸ್ಕರ ಮೂರು ಸಾಲು ಕಟ್ಟಿದೆ.

ಕಡಲ ದಂಡೆಯ ಮರಳ ಮೇಲಿನ
ಒಡೆದ ದೋಣಿಯ ನೆರಳಿನಲ್ಲಿಯೆ
ಬಡವ ಕೂತಿಹ ಬಲೆಯ ಕಣ್ಣನು ಹೆಣೆದು ಹಾಡುತಲೇ

ಮೇಜಿಗೆ ಬೆರಳು ಬಡಿಯುತ್ತ ಓದಿ ನೋಡಿ. ಒಂದು ಲಘು ಹೇಳುವಷ್ಟು ಹೊತ್ತು ಒಂದು ಮಾತ್ರೆ, ಗುರುವಿಗೆ ಎರಡು. 'ಕಡಲ' ಮೂರು ಮಾತ್ರೆ, 'ದಂಡೆಯ' ನಾಲ್ಕು. 'ಮರಳ' ಮೂರು, 'ಮೇಲಿನ' ನಾಲ್ಕು. ಒಟ್ಟು 14. ಎರಡನೇ ಸಾಲೂ ಅಷ್ಟೇ. ಮೂರನೆಯದರಲ್ಲಿ ಅದೇ ಹೆಜ್ಜೆ ಇನ್ನೊಂದು ಸುತ್ತು ಮುಂದೆ ಹೋಗಿ, ಕೊನೆಗೆ ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಒಟ್ಟು 23. ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಇಂಥದೇ ಇನ್ನೂ ಮೂರು ಸಾಲು ಸೇರಿದರೆ ಭಾಮಿನಿ ಷಟ್ಪದಿ.

ಈ ಅಳತೆಗಳಿಗೆ ದೊಡ್ಡ ಇತಿಹಾಸವಿದೆ. ಪಂಪ 941ರ ತನ್ನ ಭಾರತದಲ್ಲಿ ನಮ್ಮ ಸಿರ್ಸಿ ತಾಲೂಕಿನ ಬನವಾಸಿಯನ್ನು ನೆನೆದ ಪದ್ಯ ಎಲ್ಲರಿಗೂ ಗೊತ್ತು. ಅದು ಉತ್ಪಲಮಾಲೆ, ಸಂಸ್ಕೃತದಿಂದ ಬಂದ ವೃತ್ತ. ಸಾಲಿಗೆ 20 ಅಕ್ಷರ. ಯಾವುದು ಲಘು, ಯಾವುದು ಗುರು ಅನ್ನುವುದು ಮೊದಲೇ ಗಟ್ಟಿಯಾಗಿರುತ್ತದೆ, ಒಂದನ್ನೂ ಆಚೀಚೆ ಮಾಡುವ ಹಾಗಿಲ್ಲ. ಜನರ ಬಾಯಲ್ಲಿದ್ದ ಅಳತೆ ಬೇರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರಲ್ಲೇ, ಮೂರು ಸಾಲಿನ ತ್ರಿಪದಿ ಸಿಗುತ್ತದೆ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ 'ಛಂದೋಂಬುಧಿ' ಬರೆದ. ಹೆಂಡತಿಗೆ ಹೇಳಿಕೊಡುವ ಹಾಗೆ ಬರೆದ ಪುಸ್ತಕ ಅದು. ತ್ರಿಪದಿ, ಚೌಪದಿ, ಷಟ್ಪದಿಗಳನ್ನು ಅವನು ಕನ್ನಡದ್ದೇ ಜಾತಿಗಳು (ಛಂದಸ್ಸಿನ ಬಗೆಗಳು) ಅಂತ ಬೇರೆಯಾಗಿ ಗುರುತಿಸಿದ. ನನಗೆ ಇದು ತುಂಬ ಮುಖ್ಯ ಅನಿಸುತ್ತದೆ. ಹಾಡು ಮೊದಲೇ ಇತ್ತು, ಹೆಸರು ಆಮೇಲೆ ಬಂತು.

ಆಗಿನ ಷಟ್ಪದಿ ಅಂಶಗಣದ್ದು, ಅಂದರೆ ಮಾತ್ರೆ ಎಣಿಸಿ ಗಟ್ಟಿ ಮಾಡದ್ದು. ಎಳೆದು ಕುಗ್ಗಿಸಿ ಹಾಡುವಂಥದ್ದು. ಆಮೇಲೆ ಮಾತ್ರೆ ಎಣಿಸುವ ಷಟ್ಪದಿ ಬಂತು. ರಾಘವಾಂಕ ಐದೈದು ಮಾತ್ರೆಯ ಗಣಗಳ ವಾರ್ಧಕ ಷಟ್ಪದಿಯನ್ನು ಮೆರೆಸಿದ. 15ನೇ ಶತಮಾನದಲ್ಲಿ ಕುಮಾರವ್ಯಾಸ ಭಾರತದ ಮೊದಲ ಹತ್ತು ಪರ್ವಗಳನ್ನು ಭಾಮಿನಿಯಲ್ಲೇ ಹೇಳಿದ. ಓದು ಬಾರದವರೂ ಕಾವ್ಯವನ್ನು ಹಾಡಿ ಓದುವ ಗಮಕಿಯ ಮುಂದೆ ಕೂತು ಕೇಳಿದರು. ಯಕ್ಷಗಾನಕ್ಕೂ ಈ ಅಳತೆಗಳು ಬಂದವು. ಪ್ರಸಂಗದ ಪುಸ್ತಕ ತೆರೆದರೆ ಪದ್ಯದ ತಲೆಯ ಮೇಲೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಅಂತ ಅಚ್ಚಾಗಿರುತ್ತದೆ. ಹೊನ್ನಾವರ, ಕುಮಟಾ, ಸಿದ್ದಾಪುರದ ಕಡೆ ಭಾಗವತರು ಭಾಮಿನಿ ಎತ್ತಿಕೊಂಡರೆ, ಮಾತ್ರೆ ಅಂದರೇನು ಅಂತ ಗೊತ್ತಿಲ್ಲದ ಅಜ್ಜಿಗೂ ಅದರ ನಡೆ ಗೊತ್ತಾಗುತ್ತದೆ.

ಶಾಸ್ತ್ರದ ದಾರಿ ಮಾತ್ರ ಬೇರೆಯಾಗಿಯೇ ಉಳಿಯಿತು. ಭಟ್ಕಳ ಹತ್ತಿರದ ಹಾಡುವಳ್ಳಿಯ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ ದೊಡ್ಡ ವ್ಯಾಕರಣ ಬರೆದ. 592 ಸೂತ್ರಗಳು, ಎಲ್ಲವೂ ಸಂಸ್ಕೃತದಲ್ಲಿ! ಕನ್ನಡ ಯಾವ ಭಾಷೆಗೂ ಕಡಿಮೆಯಲ್ಲ ಅಂತ ಪಂಡಿತರಿಗೆ ತೋರಿಸಬೇಕಿತ್ತು. ಅವನ ಅಭಿಮಾನ ದೊಡ್ಡದು. ಆದರೆ ಆ ಸೂತ್ರಗಳು ದೋಣಿ ಹುಟ್ಟು ಹಾಕುವವನ ಕಿವಿಗೆ ಬೀಳುವಂಥವಲ್ಲ.

ಮಕ್ಕಳು ಜಾಸ್ತಿ ಎಡವುವ ಇನ್ನೊಂದು ಮಾತು 'ಪ್ರಾಸ'. ಈಗ ಪ್ರಾಸ ಅಂದರೆ ಸಾಲಿನ ಕೊನೆ ನೋಡುತ್ತೇವೆ. ಹಳೆಯ ಕಾವ್ಯದಲ್ಲಿ ಅದು ಸಾಲಿನ ಎರಡನೇ ಅಕ್ಷರ. ಮೇಲಿನ ಮೂರು ಸಾಲು ನೋಡಿ: ಕಡಲ, ಒಡೆದ, ಬಡವ. ಮೂರರಲ್ಲೂ 'ಡ'ಕಾರ ಒಂದೇ ಜಾಗದಲ್ಲಿದೆ. 1911ರಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈ ಈ ಕಟ್ಟು ಬಿಟ್ಟು ಬರೆದರು. ಆಮೇಲೆ ನವೋದಯದ ಹೊತ್ತಿಗೆ ಅಂತ್ಯಪ್ರಾಸವೇ ರೂಢಿಯಾಯಿತು. ಅದೇ ಪದ, ಅರ್ಥ ಮಾತ್ರ ಸಾಲಿನ ತಲೆಯಿಂದ ಬುಡಕ್ಕೆ ಇಳಿಯಿತು. ಪಾಠದಲ್ಲಿ ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗು ಗೊಂದಲಕ್ಕೆ ಬೀಳದೆ ಇನ್ನೇನು?

ನಮ್ಮ ಜಿಲ್ಲೆಯಲ್ಲಿ ಹಾಡು ಮಾತ್ರ ನಿಂತಿಲ್ಲ. ಅಂಕೋಲಾ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಹಾಲಕ್ಕಿ ಸಮುದಾಯದ ಹಾಡುಗಳನ್ನು ಅವರು ಇಟ್ಟುಕೊಂಡಿದ್ದು ನೆನಪಿನಲ್ಲೇ. ಅದೇ ಅಂಕೋಲೆಯ ದಿನಕರ ದೇಸಾಯಿ ನಾಲ್ಕೇ ಸಾಲಿನಲ್ಲಿ ಊರ ಕಷ್ಟ, ರಾಜಕೀಯ ಎಲ್ಲ ಹೇಳಿದರು. 1967ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ಗೆದ್ದವರು ಅವರು. ಅವರ ನಾಲ್ಕು ಸಾಲಿನ ಪದ್ಯವನ್ನು ಜನ ಚುಟುಕ ಅಂದರು. ಅವರು ಇಟ್ಟ ಹೆಸರು ಚೌಪದಿ, ನಾಗವರ್ಮನ ಪಟ್ಟಿಯಲ್ಲಿದ್ದ ಅದೇ ಹೆಸರು.

ಹುಡುಗಿ ಮೂರು ಸಾಲನ್ನೂ ನಾಲ್ಕೈದು ಸಲ ಓದಿದಳು. ಮೂರನೆಯದಕ್ಕೆ ಬಂದಾಗ ಬೆರಳು ತಾನಾಗಿಯೇ ನಿಂತಿತು. 'ಇಲ್ಲಿ ಗುರು, ಅಲ್ವಾ?' ಅಂದಳು. ಚಿಹ್ನೆ ಇನ್ನೂ ಹಾಕಿರಲಿಲ್ಲ. ಉಳಿದ ಮೂರು ಸಾಲು ತಾನೇ ಕಟ್ಟುತ್ತೇನೆ ಅಂತ ಹಾಳೆ ತೆಗೆದುಕೊಂಡು ಹೋಗಿದ್ದಾಳೆ.