ಪಿಯುಸಿಯಲ್ಲಿ ಗಣಿತ ಇರಲಿಲ್ಲ, ಬಿಸಿಎ ಕಷ್ಟ ಆಗುತ್ತಾ?

ಪ್ರಶ್ನೆ: ಪಿಯುಸಿಯಲ್ಲಿ ಕಾಮರ್ಸ್ ಓದಿದ್ದೇನೆ. ಗಣಿತ ಬಿಟ್ಟು ಎರಡು ವರ್ಷ ಆಯ್ತು, ಕೋಡಿಂಗ್ ಏನೂ ಗೊತ್ತಿಲ್ಲ. ಬಿಸಿಎ ಸೇರಿದರೆ ಮೊದಲ ಸೆಮಿಸ್ಟರ್‌ನಲ್ಲೇ ಮುಗ್ಗರಿಸ್ತೀನಾ?

ಉತ್ತರ: ಸೀಟಿನ ವಿಚಾರ ಮೊದಲು. ಕಾಮರ್ಸ್‌ನವರನ್ನು ಬಹಳಷ್ಟು ಕಾಲೇಜುಗಳು ತೆಗೆದುಕೊಳ್ಳುತ್ತವೆ, ಕೆಲವು ಕಡೆ ಗಣಿತ ಕೇಳುತ್ತಾರೆ. ಫೀಸು ಕಟ್ಟುವ ಮುಂಚೆ ವಿಶ್ವವಿದ್ಯಾಲಯದ ನಿಯಮ ನೋಡಿಕೊಳ್ಳಿ.

ಇನ್ನು ಗಣಿತ. ಮೊದಲ ವರ್ಷ ಬರುವುದು ಹೆಚ್ಚಾಗಿ ಗಣಗಳು, ಮ್ಯಾಟ್ರಿಕ್ಸ್, ತರ್ಕ. ತರ್ಕ ಎಂದರೆ ಹೆದರಬೇಡಿ. ಮನೆಯ ಮೆಟ್ಟಿಲ ಲೈಟು ನೋಡಿ: ಕೆಳಗೊಂದು ಸ್ವಿಚ್, ಮೇಲೊಂದು. ಯಾವುದನ್ನು ಒತ್ತಿದರೂ ಉರಿಯುತ್ತಿದ್ದದ್ದು ಆರುತ್ತದೆ, ಆರಿದ್ದದ್ದು ಉರಿಯುತ್ತದೆ. ಡಿಜಿಟಲ್ ಪೇಪರ್‌ನಲ್ಲಿ ಇದಕ್ಕೆ ಎಕ್ಸಾರ್ ಗೇಟ್ ಅಂತಾರೆ. ಅಷ್ಟೇ.

ನಿಜವಾಗಿ ಹುಡುಗರು ಎಡವುವುದು ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಮಾಡಿದ ಈ ಭಾಷೆಯನ್ನು ಇವತ್ತಿಗೂ ಎಷ್ಟೋ ಕಾಲೇಜುಗಳಲ್ಲಿ ಮೊದಲು ಕಲಿಸುತ್ತಾರೆ. ಅದು ನೀವು ಹೇಳಿದ್ದನ್ನಷ್ಟೇ ಮಾಡುತ್ತದೆ, ಮನಸ್ಸಿನಲ್ಲಿ ಇದ್ದದ್ದನ್ನಲ್ಲ.

ಒಂದು ಉದಾಹರಣೆ. ಮೂರು ವಿಷಯದ ಅಂಕ 70, 71, 71. ಒಟ್ಟು 212, ಮೂರರಿಂದ ಭಾಗಿಸಿದರೆ ಸರಾಸರಿ 70.67 ಬರಬೇಕು. ಪ್ರೋಗ್ರಾಂ 70 ಅನ್ನುತ್ತದೆ! ಒಟ್ಟನ್ನು ‘ಇಂಟ್’ ಎಂದು, ಅಂದರೆ ಪೂರ್ಣಾಂಕ ಎಂದು ಬರೆದಿದ್ದೀರಿ. ಎರಡು ಪೂರ್ಣಾಂಕ ಭಾಗಿಸಿದಾಗ ಸಿ ದಶಮಾಂಶವನ್ನು ಸುಮ್ನೆ ಬಿಸಾಕುತ್ತದೆ. ಸರಿ, ಸರಾಸರಿಯನ್ನು ‘ಫ್ಲೋಟ್’, ಅಂದರೆ ದಶಮಾಂಶ ಸಂಖ್ಯೆ, ಮಾಡುತ್ತೀರಿ. ಈಗ 70.000000 ಬರುತ್ತದೆ. ತಲೆ ಕೆಡುತ್ತೆ, ಅಲ್ವಾ? ಭಾಗಾಕಾರ ಮೊದಲೇ ಮುಗಿದಿದೆ, ಉತ್ತರ ಇಡುವ ಡಬ್ಬಿ ಮಾತ್ರ ಬದಲಾಗಿದೆ. 3ರ ಬದಲು 3.0 ಎಂದು ಬರೆಯಿರಿ, ಆಗ ಭಾಗಾಕಾರವೇ ದಶಮಾಂಶದಲ್ಲಿ ನಡೆದು ಸುಮಾರು 70.67 ಬರುತ್ತದೆ. ನನಗೆ ಇದು ಹೊಳೆಯಲು ಒಂದಿಡೀ ಲ್ಯಾಬ್ ಅವಧಿ ಹಿಡಿದಿತ್ತು.

ಇಲ್ಲೇ ನೋಡಿ ನಿಮ್ಮ ಕಾಮರ್ಸ್ ಕೈಹಿಡಿಯುವುದು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ ಏನು ಮಾಡ್ತಿದ್ರಿ? ಒಂದೊಂದೇ ಎಂಟ್ರಿ ಮೇಲೆ ಬೆರಳಿಟ್ಟು ವಾಪಸ್ ಹೋಗ್ತಿದ್ರಿ. ಪ್ರೋಗ್ರಾಂನ ತಪ್ಪು ಹುಡುಕುವುದೂ ಹಾಗೇ. ಹಾಳೆ ಮೇಲೆ ಗೆರೆ ಎಳೆದು, ಪ್ರತಿ ಸಾಲು ಆದಮೇಲೆ ಯಾವ ವೇರಿಯಬಲ್‌ನಲ್ಲಿ (ಬೆಲೆ ಇಡುವ ಡಬ್ಬಿಯಲ್ಲಿ) ಎಷ್ಟಿದೆ ಅಂತ ಬರೆಯುತ್ತಾ ಹೋಗಿ. ಸೈನ್ಸ್‌ನಿಂದ ಬಂದವರಿಗಿಂತ ಈ ತಾಳ್ಮೆ ನಿಮಗೇ ಜಾಸ್ತಿ ಇರಬಹುದು.

ಒಂದು ಕೆಲಸ ಮಾತ್ರ ಮಾಡಬೇಡಿ. ಲ್ಯಾಬ್ ಪರೀಕ್ಷೆಯ ಪ್ರೋಗ್ರಾಂಗಳ ಪಟ್ಟಿ ಮೊದಲೇ ಸಿಗುತ್ತದೆ, ರೆಕಾರ್ಡ್ ನೋಡಿ ಬಾಯಿಪಾಠ ಹೊಡೆಯುವವರು ತರಗತಿ ತುಂಬಾ ಇರುತ್ತಾರೆ. ಅವರು ಪಾಸೂ ಆಗುತ್ತಾರೆ. ಆಮೇಲೆ ಮಾಹಿತಿ ಜೋಡಿಸಿಡುವ ರೀತಿ ಕಲಿಸುವ ಡೇಟಾ ಸ್ಟ್ರಕ್ಚರ್ಸ್ ವಿಷಯ ಬಂದಾಗ ಪಾಯಿಂಟರ್ (ಮೆಮೊರಿಯ ವಿಳಾಸ ಇಡುವ ವೇರಿಯಬಲ್) ಎದುರು ಕೂತು ಕಣ್ಣು ಬಿಡುತ್ತಾರೆ.

ಲ್ಯಾಪ್‌ಟಾಪ್ ಈಗಲೇ ಬೇಕಾ ಅಂತಲೂ ಕೇಳ್ತೀರಿ, ಗೊತ್ತು. ಮೊದಲ ಸೆಮಿಸ್ಟರ್‌ಗೆ ಸಾಲ ಮಾಡಿ ತರಬೇಡಿ. ಕಾಲೇಜಿನ ಲ್ಯಾಬ್ ಇದೆ, ಮನೆಯಲ್ಲಿ ಪ್ರೋಗ್ರಾಂ ಬರೆದು ಓಡಿಸಲು ಮೊಬೈಲ್‌ನ ಆನ್‌ಲೈನ್ ಕಂಪೈಲರ್ ಸಾಕು. ಆ ಪುಟ್ಟ ಕೀಬೋರ್ಡ್‌ನಲ್ಲಿ ಸೆಮಿಕೋಲನ್ ಹುಡುಕುವುದು ಸ್ವಲ್ಪ ಕಿರಿಕಿರಿ, ಅಷ್ಟೇ.