ಕರಾವಳಿ ದಾಖಲೆಗಳ ತಾರೀಖು ಲೆಕ್ಕ: ಎಂ.ಎ. ಇತಿಹಾಸಕ್ಕೆ ಒಂದು ಟಿಪ್ಪಣಿ

ನಮ್ಮ ಕಾರವಾರ, ಹೊನ್ನಾವರ ಕಡೆಯ 1500ರಿಂದ 1800ರವರೆಗಿನ ಇತಿಹಾಸ ಓದುವಾಗ ದಾಖಲೆಗಳು ನಾಲ್ಕಾರು ದಿಕ್ಕಿನಿಂದ ಬರುತ್ತವೆ. ಗೋವಾದ ಪೋರ್ಚುಗೀಸರದ್ದು, ಕಾರವಾರ ಕೋಠಿಯ (ವ್ಯಾಪಾರ ಕೇಂದ್ರದ) ಇಂಗ್ಲಿಷರದ್ದು, ಮರಾಠರದ್ದು, ನಮ್ಮ ಶಾಸನಗಳದ್ದು. ಮೆಣಸಿನ ವ್ಯಾಪಾರ, ಗೇರುಸೊಪ್ಪೆಯ ಚೆನ್ನಭೈರಾದೇವಿ, ಕೋಟೆಗಳು ಇವೆಲ್ಲ ಪಠ್ಯದಲ್ಲೇ ಸಿಗುತ್ತವೆ, ಬಿಡಿ. ತಲೆ ತಿನ್ನುವುದು ತಾರೀಖು.

ಇಂಗ್ಲಿಷರ ಫೆಬ್ರವರಿ

1582ರಲ್ಲಿ ಪೋಪ್ 13ನೇ ಗ್ರೆಗರಿ ಕ್ಯಾಲೆಂಡರ್ ತಿದ್ದಿಸಿದ. ಪೋರ್ಚುಗಲ್ ಅದೇ ವರ್ಷ ಒಪ್ಪಿಕೊಂಡಿತು. ಅಲ್ಲಿ ಅಕ್ಟೋಬರ್ 4ರ ಮಾರನೆಯ ದಿನ 15. ಇಂಗ್ಲೆಂಡ್ ಒಪ್ಪಿದ್ದು 1752ರಲ್ಲಿ. ಹಾಗಾಗಿ 17ನೇ ಶತಮಾನದ ಇಂಗ್ಲಿಷ್ ತಾರೀಖು ಪೋರ್ಚುಗೀಸರದ್ದಕ್ಕಿಂತ 10 ದಿನ ಹಿಂದೆ. 1700ರ ಫೆಬ್ರವರಿ ಮುಗಿದ ಮೇಲೆ 11 ದಿನ. ಇಷ್ಟು ಎಲ್ಲರಿಗೂ ಗೊತ್ತು.

ಎಡವಟ್ಟಾಗುವುದು ಮುಂದಿನದರಲ್ಲಿ. 1752ಕ್ಕೆ ಮುಂಚೆ ಇಂಗ್ಲಿಷರ ಲೆಕ್ಕದಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂದರೆ ಜನವರಿ, ಫೆಬ್ರವರಿ ಮತ್ತು ಮಾರ್ಚ್ 24ರವರೆಗಿನ ದಿನಗಳಿಗೆ ಹಿಂದಿನ ವರ್ಷದ ಇಸವಿಯೇ! ಡಿಸೆಂಬರ್ 1664 ಆದ ಮೇಲೆ ಬರುವುದು ಜನವರಿ 1664. ಮತ್ತೊಮ್ಮೆ ಓದಿ, ಅದು ಅಚ್ಚಿನ ತಪ್ಪಲ್ಲ.

ಕಾರವಾರದ ಎದುರಿನ ಅಂಜುದೀವ್ ದ್ವೀಪವನ್ನೇ ತಗೊಳ್ಳಿ. ಇಂಗ್ಲೆಂಡಿನ ರಾಜನಿಗೂ ಪೋರ್ಚುಗಲ್ಲಿನ ರಾಜಕುಮಾರಿಗೂ ಆದ 1661ರ ಮದುವೆ ಒಪ್ಪಂದದಲ್ಲಿ ಬೊಂಬಾಯಿ ಆ ರಾಜನಿಗೆ ಬಂತು. ಆದರೆ ಅಲ್ಲಿನ ಪೋರ್ಚುಗೀಸರು ಬಿಟ್ಟುಕೊಡಲಿಲ್ಲ. ಅದನ್ನು ವಹಿಸಿಕೊಳ್ಳಲು ಬಂದಿದ್ದ ಇಂಗ್ಲಿಷ್ ಅಧಿಕಾರಿ ಅಬ್ರಹಾಂ ಶಿಪ್‌ಮನ್ ತನ್ನ ಸೈನಿಕರ ಜೊತೆ ಈ ದ್ವೀಪದಲ್ಲಿ ಕಾದು ಕೂತ, 1664ರಲ್ಲಿ ಇಲ್ಲೇ ಸತ್ತ. ಕೊನೆಗೆ ಬೊಂಬಾಯಿ ಅವನ ನಂತರ ಹೊಣೆ ಹೊತ್ತ ಹಂಫ್ರಿ ಕುಕ್ ಕೈಗೆ ಬಂದದ್ದು ಪೋರ್ಚುಗೀಸ್ ಲೆಕ್ಕದಲ್ಲಿ 18 ಫೆಬ್ರವರಿ 1665. ಇಂಗ್ಲಿಷರ ಹಳೆಯ ಲೆಕ್ಕದಲ್ಲಿ ಅದೇ ದಿನ 8 ಫೆಬ್ರವರಿ 1664. ದಿನವೂ ಬೇರೆ, ಇಸವಿಯೂ ಬೇರೆ.

ಇದರಿಂದ ಏನು ಕೆಡುತ್ತದೆ ಅಂತೀರಾ? ಶಿವಾಜಿ ಸೂರತ್ ಲೂಟಿ ಮಾಡಿದ್ದು ಜನವರಿ 1664, ಕಾರವಾರಕ್ಕೆ ಬಂದದ್ದು ಫೆಬ್ರವರಿ 1665. ಈಗ ಸೂರತ್ತಿನ ತಾರೀಖನ್ನು ಹೊಸ ಲೆಕ್ಕದ ಪುಸ್ತಕದಿಂದ, ಕಾರವಾರದ್ದನ್ನು ಕೋಠಿಯ ಪತ್ರದಿಂದ ಹಾಗೇ ಎತ್ತಿಕೊಳ್ಳಿ. ಜನವರಿ 1664, ಫೆಬ್ರವರಿ 1664. ಒಂದೇ ತಿಂಗಳ ಅಂತರ! ಸೂರತ್ತಿನಿಂದ ಸೀದಾ ಕಾರವಾರಕ್ಕೆ ನುಗ್ಗಿದ ಅಂತ ಉತ್ತರ ಪತ್ರಿಕೆಯಲ್ಲಿ ಬರೆದುಬಿಡಬಹುದು. ನಿಜವಾದ ಅಂತರ ವರ್ಷಕ್ಕೂ ಜಾಸ್ತಿ. ಆ ನಡುವೆ, ನವೆಂಬರ್ 1664ರಲ್ಲಿ, ಮಾಲ್ವಣದ ಹತ್ತಿರ ಸಮುದ್ರದೊಳಗಿನ ಸಿಂಧುದುರ್ಗ ಕೋಟೆಯ ಕೆಲಸ ಶುರುವಾಗಿತ್ತು. ಆಮೇಲೆ ಹಡಗುಗಳಲ್ಲಿ ಬಸರೂರು, ಅಲ್ಲಿಂದ ಗೋಕರ್ಣ, ಅಂಕೋಲಾ, ಕಾರವಾರ. ಇಸವಿ ತಪ್ಪಿದರೆ ಮರಾಠರ ನೌಕಾಪಡೆ ಬೆಳೆದ ಕಥೆಯೇ ಮಾಯ ಅಲ್ವಾ?

ನಾನು ಈಗ ಇಂಗ್ಲಿಷ್ ದಾಖಲೆಯಲ್ಲಿ ಇಸವಿಗಿಂತ ಮುಂಚೆ ತಿಂಗಳು ನೋಡುತ್ತೇನೆ. ಮಾರ್ಚ್ 25ರ ಒಳಗಿದ್ದರೆ ನೋಟ್ಸಿನಲ್ಲಿ 1664/65 ಅಂತ ಎರಡೂ ಬರೆಯುತ್ತೇನೆ. ಅಚ್ಚಾದ ಸಂಪುಟವಾದರೆ ಸಂಪಾದಕರು ಮೊದಲೇ ತಿದ್ದಿದ್ದಾರೋ ಇಲ್ಲವೋ ಅಂತ ಮುನ್ನುಡಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ತಿದ್ದಿದ್ದನ್ನೇ ಮತ್ತೆ ತಿದ್ದಿ ಒಂದು ವರ್ಷ ಮುಂದೆ ಹೋಗುತ್ತೀರಿ.

ಶಕ ವರ್ಷ, ಮತ್ತೆ ನನ್ನ ಇಷ್ಟದ 12

ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. ಬರುತ್ತದೆ ಅಂತ ಗೈಡುಗಳು ಹೇಳುತ್ತವೆ. ಅದು ಯುಗಾದಿಯಿಂದ ಡಿಸೆಂಬರ್‌ವರೆಗೆ ಮಾತ್ರ. ಜನವರಿಯಿಂದ ಮುಂದಿನ ಯುಗಾದಿಯವರೆಗೆ 79. ರಕ್ಕಸತಂಗಡಿ ಯುದ್ಧ ಶಕ 1486ರಲ್ಲಿ. 78 ಕೂಡಿಸಿದರೆ 1564, ಆದರೆ ಯುದ್ಧ ನಡೆದದ್ದು ಜನವರಿ 1565ರಲ್ಲಿ.

ಶಾಸನದಲ್ಲಿ ಸಾಮಾನ್ಯವಾಗಿ ಶಕದ ಜೊತೆ ಸಂವತ್ಸರದ ಹೆಸರೂ ಇರುತ್ತದೆ. ಅದನ್ನು ಸುಮ್ನೆ ಬಿಡಬೇಡಿ. ಶಕಕ್ಕೆ 12 ಕೂಡಿಸಿ, 60ರಿಂದ ಭಾಗಿಸಿ. ಉಳಿಯುವ ಶೇಷವೇ, 60 ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ 60ನೆಯದು. 1486ಕ್ಕೆ 12 ಸೇರಿ 1498, ಶೇಷ 58, ರಕ್ತಾಕ್ಷಿ. ಸರಿ ಹೋಯಿತು. ಶಿವಾಜಿಯ ಪಟ್ಟಾಭಿಷೇಕ ಶಕ 1596: ಶೇಷ 48, ಆನಂದ. ಕಾರವಾರ ದಾಳಿಯ ಶಕ 1586ಕ್ಕೆ ಶೇಷ 38, ಕ್ರೋಧಿ. 2024ರ ಬಗ್ಗೋಣ ಪಂಚಾಂಗ ಮನೆಯಲ್ಲಿ ಇನ್ನೂ ಇದ್ದರೆ ನೋಡಿ, ಅದೂ ಕ್ರೋಧಿಯೇ. ಶಕ 1946, ಲೆಕ್ಕ ಹಾಕಿಕೊಳ್ಳಿ.

ಲೆಕ್ಕ ಒಂದು ಸಂವತ್ಸರ ಮುಂದೆ ಹೋಯಿತೇ? ಗಾಬರಿ ಬೇಡ. ಈ ಸೂತ್ರ ಗತ ಶಕಕ್ಕೆ, ಅಂದರೆ ಪೂರ್ತಿ ಮುಗಿದ ವರ್ಷಗಳನ್ನು ಎಣಿಸುವ ಲೆಕ್ಕಕ್ಕೆ. ಕೆಲವು ಶಾಸನಗಳು ನಡೆಯುತ್ತಿರುವ ವರ್ಷವನ್ನು ಹೇಳುತ್ತವೆ. ಶಕ 1487, ರಕ್ತಾಕ್ಷಿ ಅಂತ ಕಂಡರೆ ಶೇಷ 59 ಬರುತ್ತದೆ, ಅದು ಕ್ರೋಧನ. ಆಗ ಶಕದಲ್ಲಿ ಒಂದು ಕಳೆದು 1486 ಅಂತ ಹಿಡಿಯಿರಿ. ಸಂವತ್ಸರದ ಮಾತೇ ಗಟ್ಟಿ ಅಂತ ನನ್ನ ಪಕ್ಷ, ಯಾಕೆಂದರೆ ಅಂಕಿ ತಪ್ಪುವಷ್ಟು ಸುಲಭವಾಗಿ ಹೆಸರು ತಪ್ಪುವುದಿಲ್ಲ.

ವಾರ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ಕ್ಯಾಲೆಂಡರ್ ಯಾವುದಾದರೂ ವಾರ ಬದಲಾಗುವುದಿಲ್ಲ. ಬೊಂಬಾಯಿ ಕೈಬದಲಾದ ದಿನ ಇಬ್ಬರಿಗೂ ಬುಧವಾರವೇ.

ಆದಿಲ್‌ಶಾಹಿ (ಬಿಜಾಪುರದ ಸುಲ್ತಾನರ) ಕಾಗದಗಳ ಹಿಜರಿ ಇಸವಿಗೆ ಹೀಗೆ ಒಂದು ಅಂಕಿ ಕೂಡಿಸುವ ಉಪಾಯ ನಡೆಯುವುದಿಲ್ಲ. ಅದು ಚಾಂದ್ರಮಾನದ ವರ್ಷ, 354 ಅಥವಾ 355 ದಿನ. ಅದಕ್ಕೆ ಕೋಷ್ಟಕವೇ ಬೇಕು.