ಎಂಟಾಣೆ ಇನ್ನೂ ಸತ್ತಿಲ್ಲ

ಅಟ್ಟ ಗುಡಿಸುವಾಗ ಹಳೆಯ ಹಾರ್ಲಿಕ್ಸ್ ಬಾಟಲಿಯೊಂದು ಸಿಕ್ಕಿತು. ಒಳಗೆ 23 ಎಂಟಾಣೆ. ಒಟ್ಟು ಹನ್ನೊಂದೂವರೆ ರೂಪಾಯಿ. ಅಷ್ಟನ್ನೂ ಜೇಬಿಗೆ ಸುರಿದುಕೊಂಡು ಉಡುಪಿ ಪೇಟೆಯ ಒಂದು ಅಂಗಡಿಗೆ ಹೋಗಿ ಬೆಂಕಿಪೆಟ್ಟಿಗೆ, ಬತ್ತಿ ಕೇಳಿದೆ. ಅಂಗಡಿಯವರು ನಾಣ್ಯ ಕಂಡು ನಕ್ಕರು. "ಇದು ಬಂದ್ ಆಗಿ ಎಷ್ಟು ವರ್ಷ ಆಯ್ತು ಮಾರಾಯ್ರೆ!"

ಆಗಿಲ್ಲ. ರದ್ದಾದದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು, 2011ರ ಜೂನ್ 30ರಿಂದ. ಐವತ್ತು ಪೈಸೆ ಇಂದಿಗೂ ಕಾನೂನುಬದ್ಧ ನಾಣ್ಯ, ದೇಶದ ಅತಿ ಸಣ್ಣ ನಾಣ್ಯ. 2011ರ ನಾಣ್ಯ ಕಾಯ್ದೆಯ ಪ್ರಕಾರ ಹತ್ತು ರೂಪಾಯಿವರೆಗಿನ ಪಾವತಿಯನ್ನು ಎಂಟಾಣೆಗಳಲ್ಲೇ ಮಾಡಬಹುದು. ಅಂದರೆ ನನ್ನ 23ರಲ್ಲಿ 20 ನಾಣ್ಯಕ್ಕೆ ಕಾನೂನಿನ ಬಲವಿತ್ತು. ಅಂಗಡಿಯಲ್ಲಿ ನಿಂತು ಕಾಯ್ದೆ ಓದಿ ಹೇಳುವವನನ್ನು ಊರು ಏನೆಂದು ಕರೆಯುತ್ತದೆ ಎಂದು ಗೊತ್ತಿದ್ದುದರಿಂದ ಸುಮ್ಮನೆ ಹತ್ತರ ನೋಟು ತೆಗೆದೆ.

ನಾಣ್ಯ ಮೊದಲು ಸಾಯುವುದು ಗಲ್ಲಾಪೆಟ್ಟಿಗೆಯಲ್ಲಿ. ದೆಹಲಿಯ ರಾಜಪತ್ರ ಆಮೇಲೆ ಬಂದು ಸಾವನ್ನು ದಾಖಲಿಸುತ್ತದೆ, ಅಷ್ಟೆ. ನಾಲ್ಕಾಣೆಯನ್ನು (ನಮ್ಮ ಕಡೆ ಪಾವಲಿ) ಅಂಗಡಿಗಳು ಕೈಬಿಟ್ಟು ವರ್ಷಗಳಾದ ಮೇಲೆ ಸರಕಾರ ರದ್ದು ಮಾಡಿತು. ಎಂಟಾಣೆ ಈಗ ಆ ಎರಡು ಸಾವುಗಳ ನಡುವೆ ನಿಂತಿದೆ. ಇದೇ ಊರುಗಳಲ್ಲಿ ಒಂದು ಕಾಲಕ್ಕೆ ಇದಕ್ಕಿಂತ ಎಷ್ಟೋ ಚಿಕ್ಕ ಕಾಸಿನ ಮೇಲೆ ಬ್ಯಾಂಕುಗಳೇ ಎದ್ದು ನಿಂತಿದ್ದವು ಎಂಬುದು ನೆನಪಾದರೆ ಮಾತ್ರ ಇದು ಸ್ವಲ್ಪ ಕಸಿವಿಸಿ ಮಾಡುತ್ತದೆ.

ಮಂಗಳೂರಿನಲ್ಲಿ ಇಳಿದ ವಿದೇಶೀಯರ ಪೈಕಿ ಚಿಲ್ಲರೆಯನ್ನು ಗಮನಿಸಿ ಬರೆದವನು ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್. 1443ರಲ್ಲಿ ಕಲ್ಲಿಕೋಟೆಯಿಂದ ಸಮುದ್ರ ಮಾರ್ಗವಾಗಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋದವನು. ಅಲ್ಲಿ ಚಿನ್ನದ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಪಾಲು ಹಣ. ಹಣದ ಆರನೇ ಒಂದು ಪಾಲು ಬೆಳ್ಳಿಯ ತಾರ, ತಾರದ ಮೂರನೇ ಒಂದು ಪಾಲು ತಾಮ್ರದ ಜಿತಲ್. ಲೆಕ್ಕ ಹಾಕಿದರೆ ಒಂದು ವರಹಕ್ಕೆ 360 ಜಿತಲ್. ಚಿನ್ನದ ನಾಣ್ಯಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಹಣ ಎಂದು ಅವನು ಬರೆದಿದ್ದಾನೆ. ಅಂದರೆ ಮೂರರಲ್ಲಿ ಅತಿ ಸಣ್ಣದು. ನಾವು ದುಡ್ಡಿಗೆಲ್ಲ 'ಹಣ' ಎನ್ನುತ್ತೇವಲ್ಲ, ಭಾಷೆಯಲ್ಲಿ ಉಳಿದದ್ದು ವರಹವಲ್ಲ, ಅದರ ಇಪ್ಪತ್ತನೇ ಒಂದು ಪಾಲು.

ಟಿಪ್ಪುವಿನ ನಂತರ ಕೆನರಾ ಮದರಾಸಿನ ಆಡಳಿತಕ್ಕೆ ಹೋಯಿತು. ಮದರಾಸಿನ ಲೆಕ್ಕ ಬೇರೆ: 80 ಕಾಸಿಗೆ ಒಂದು ಪಣ, 42 ಪಣಕ್ಕೆ ಒಂದು ವರಹ. 1818ರಲ್ಲಿ ರೂಪಾಯಿ ಬಂತು. ಆ ಬಳಿಕ ನಮ್ಮ ಅಜ್ಜಂದಿರು ಬಾಯಿಪಾಠ ಮಾಡಿದ ಲೆಕ್ಕ: ರೂಪಾಯಿಗೆ 16 ಆಣೆ, ಆಣೆಗೆ ನಾಲ್ಕು ಪೈಸೆ ಅಥವಾ 12 ಪೈ. ಒಂದು ರೂಪಾಯಿಯಲ್ಲಿ 192 ಪೈ.

1906ರ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರ ಮುಂದಾಳತ್ವದಲ್ಲಿ, 5000 ರೂಪಾಯಿ ಬಂಡವಾಳದಲ್ಲಿ, ಒಂದು ಬ್ಯಾಂಕು ಶುರುವಾಯಿತು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು ಅದೇ. ಮೊದಲ ದಿನ ಸಂಜೆ ಪೆಟ್ಟಿಗೆ ಎಣಿಸಿದಾಗ ಬರೆದುಕೊಂಡ ಮೊತ್ತ: 38 ರೂಪಾಯಿ, 13 ಆಣೆ, 2 ಪೈ. ಎರಡು ಪೈ ಎಂದರೆ ರೂಪಾಯಿಯ 96ನೇ ಒಂದು ಪಾಲು. 'ಸುಮಾರು 39' ಎಂದು ಯಾರೂ ಬರೆಯಲಿಲ್ಲ. ಆ ಎರಡು ಪೈ ಲೆಕ್ಕಕ್ಕೆ ಹತ್ತಿದ್ದರಿಂದಲೇ ಇಂದಿಗೂ ಜನ ಆ ಮೊತ್ತವನ್ನು ನೆನಪಿಟ್ಟಿದ್ದಾರೆ ಎಂದು ನನಗನಿಸುತ್ತದೆ. ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಹುಟ್ಟಿತು. ಇಂದಿನ ಕೆನರಾ ಬ್ಯಾಂಕ್.

ಆದರೆ ಚಿಲ್ಲರೆಯನ್ನೇ ಕಸುಬು ಮಾಡಿಕೊಂಡದ್ದು ಮೂರನೆಯದು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ 8000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ಸ್ಥಳೀಯ ನೇಕಾರರಿಗೆ ಸಾಲ ಒದಗಿಸುವುದು ಮೊದಲ ಉದ್ದೇಶ. 1928ರಲ್ಲಿ ಅದರ ದಿನದ ಉಳಿತಾಯ ಯೋಜನೆ ಪಿಗ್ಮಿ ಬಂತು. ಏಜೆಂಟ್ ದಿನಾ ಮನೆಗೋ ಅಂಗಡಿಗೋ ಬಂದು, ಎರಡೇ ಆಣೆ ಕೊಟ್ಟರೂ ತೆಗೆದುಕೊಂಡು, ಬರೆದುಕೊಂಡು ಹೋಗುತ್ತಿದ್ದ.

ಎರಡಾಣೆ ದಿನಕ್ಕೆ. ಎಂಟು ದಿನಕ್ಕೆ ಒಂದು ರೂಪಾಯಿ, ತಪ್ಪದೆ ಕೊಟ್ಟರೆ ವರ್ಷಕ್ಕೆ 45 ರೂಪಾಯಿ 10 ಆಣೆ. 'ಹನಿ ಹನಿ ಗೂಡಿದರೆ ಹಳ್ಳ' ಎಂದು ಇದನ್ನು ಮುಗಿಸಿಬಿಡುವುದು ಸುಲಭ, ಆದರೆ ಹನಿಗಳು ತಾವಾಗಿ ಗೂಡುವುದಿಲ್ಲ. ದಿನಗೂಲಿಯವರಿಗೆ ಉಳಿತಾಯ ಗೊತ್ತಿರಲಿಲ್ಲ ಎಂದಲ್ಲ. ಎರಡಾಣೆ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಲು ಅರ್ಧ ದಿನದ ಕೂಲಿ ಬಿಡಬೇಕಿತ್ತು, ಹತ್ತಿದ ಮೇಲೆ ಒಳಗಿನವರ ಮುಖ ನೋಡಬೇಕಿತ್ತು. ಪಿಗ್ಮಿ ಆ ಮೆಟ್ಟಿಲನ್ನೇ ತೆಗೆದುಹಾಕಿತು. ಚಿಲ್ಲರೆಗೆ ಬೆಲೆ ಬಂದದ್ದು ಯಾರೋ ನಡೆದು ಬಂದು ಅದನ್ನು ಕೇಳಿದ್ದರಿಂದ. ಹಾಗೆ ನಡೆದವರಿಗೆ ತಾವೂ ಕೆಲಸಗಾರರೇ ಎಂದು ಸಾಬೀತು ಮಾಡಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2001ರಲ್ಲಿ ತೀರ್ಪು ಅವರ ಪರವಾಗಿ ಬಂತು.

ಎರಡನೇ ಮಹಾಯುದ್ಧದಲ್ಲಿ ತಾಮ್ರಕ್ಕೆ ಬರ ಬಂದಾಗ, 1943ರಿಂದ, ನಡುವೆ ತೂತಿದ್ದ ಪೈಸೆ ಬಂತು. ಕೆಲವರ ಮನೆಯಲ್ಲಿ ತೂತು ಕಾಸು ಇನ್ನೂ ದಾರಕ್ಕೆ ಪೋಣಿಸಿದಂತೆಯೇ ಇದೆ. ಆಮೇಲಿನದು ದೊಡ್ಡ ಬದಲಾವಣೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಐದೇ ತಿಂಗಳಲ್ಲಿ, 1957ರ ಏಪ್ರಿಲ್ 1ರಂದು, ರೂಪಾಯಿಗೆ ನೂರು ನಯಾಪೈಸೆಯಾಯಿತು. ರಾಜ್ಯ ಬದಲಾದದ್ದಕ್ಕಿಂತ ಜೇಬು ಬದಲಾದದ್ದೇ ಹಲವರಿಗೆ ಹೆಚ್ಚು ಗೊಂದಲ ಮಾಡಿರಬೇಕು. ಒಂದಾಣೆ ಎಂದರೆ ಆರೂಕಾಲು ನಯಾಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಪಟ್ಟಿ ಮಾಡಿದರು. ಹದಿನಾರು ಆಣೆಯನ್ನು ಒಂದೊಂದಾಗಿ ಬದಲಿಸಿದರೆ ಕೈಗೆ ಬರುವುದು 96 ನಯಾಪೈಸೆ, ಒಟ್ಟಿಗೆ ಬದಲಿಸಿದರೆ 100. ಸಣ್ಣ ಸಣ್ಣದಾಗಿ ವ್ಯವಹಾರ ಮಾಡುವವನೇ ನಾಲ್ಕು ಪೈಸೆ ಕಳೆದುಕೊಳ್ಳುತ್ತಿದ್ದ.

1964ರ ಜೂನ್ 1ರಿಂದ 'ನಯಾ' ಎಂಬ ಮಾತು ಅಧಿಕೃತವಾಗಿ ಬಿದ್ದುಹೋಯಿತು. ನಮ್ಮ ಬಾಯಿಂದ ಬಿದ್ದಿಲ್ಲ. ಆಸ್ತಿ ಜಗಳದಲ್ಲಿ ಅಣ್ಣ ತಮ್ಮನಿಗೆ ಈಗಲೂ ಹೇಳುವುದು 'ಒಂದು ನಯಾಪೈಸೆ ಕೊಡುವುದಿಲ್ಲ' ಎಂದೇ. ಆಮೇಲಿನವು ಅಲ್ಯುಮಿನಿಯಂ ಕಾಲದ ನಾಣ್ಯಗಳು: ಚೌಕದ ಒಂದು ಪೈಸೆ, ಆರು ಮೂಲೆಯ ಮೂರು ಪೈಸೆ, ಅಂಚು ಅಲೆಅಲೆಯಾದ ಹತ್ತು ಪೈಸೆ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತಿದ್ದವು. ಈಗಿನ ಒಂದು, ಎರಡು ರೂಪಾಯಿಗಳನ್ನು ಹಗಲಲ್ಲೇ ಕನ್ನಡಕ ಏರಿಸಿ ನೋಡಬೇಕು.

ನಾಣ್ಯ ಯಾಕೆ ಹೋಗುತ್ತದೆ ಎಂಬುದರಲ್ಲಿ ಗುಟ್ಟೇನಿಲ್ಲ. ಬೆಲೆ ಏರಿದಂತೆ ಅದರಿಂದ ಸಿಗುವ ಸಾಮಾನು ಕಡಿಮೆಯಾಗುತ್ತದೆ, ಟಂಕಿಸುವ ಖರ್ಚು ಮಾತ್ರ ಇಳಿಯುವುದಿಲ್ಲ. ಒಂದು ರೂಪಾಯಿ ನಾಣ್ಯಕ್ಕೇ 1 ರೂಪಾಯಿ 11 ಪೈಸೆ ಖರ್ಚು ಬೀಳುತ್ತದೆ ಎಂದು 2018ರಲ್ಲಿ ಮಾಹಿತಿ ಹಕ್ಕಿನ ಉತ್ತರದಿಂದ ತಿಳಿಯಿತು. ಸರಕಾರದ ಲೆಕ್ಕ ನನಗೆ ಅರ್ಥವಾಗುತ್ತದೆ. ನನ್ನ ತಕರಾರು, ಉಳಿದ ಚೂರು ಯಾರ ಕೈ ಸೇರುತ್ತದೆ ಎಂಬುದು. ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನಲ್ಲಿ ಐವತ್ತು ಪೈಸೆಗಿಂತ ಕಡಿಮೆಯಿದ್ದರೆ ಬಿಡಬೇಕು, ಐವತ್ತು ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ ಎಂದು ಎರಡೂ ಕಡೆಗೆ ದಾರಿಯಿದೆ. ಅಂಗಡಿಯಲ್ಲೂ ಬಸ್ಸಿನಲ್ಲೂ ಒಂದೇ ಕಡೆಗೆ ದಾರಿ. ಚಿಲ್ಲರೆ ಇಲ್ಲದಿದ್ದರೆ ನಮಗೆ ಚಾಕಲೇಟು. ಅದೇ ಚಾಕಲೇಟನ್ನು ಮರುದಿನ ದುಡ್ಡಿನ ಬದಲು ಕೊಟ್ಟು ನೋಡಿ.

ಪೈಸೆಯನ್ನು ತಮಾಷೆ ಎಂದುಕೊಳ್ಳುವವರು ಬೀಡಿ ಕಟ್ಟುವ ಮನೆಯೊಂದಕ್ಕೆ ಹೋಗಬೇಕು. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಹೆಂಗಸರು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಮಕ್ಕಳನ್ನು ಓದಿಸಿದವರು. ಅವರ ಮಜೂರಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬೀಡಿಗೆ ಒಂದು ಪೈಸೆ ವ್ಯತ್ಯಾಸವಾದರೆ ಸಾವಿರಕ್ಕೆ ಹತ್ತು ರೂಪಾಯಿ. ಅಂಥ ಪೈಸೆಗೆ ನಾಣ್ಯವಿಲ್ಲ, ಆದರೆ ಅದು ಶನಿವಾರದ ಮೀನಿಗೆ ಸಾಕಾಗುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ವಿಚಿತ್ರವೆಂದರೆ, ಲೋಹದಲ್ಲಿ ಹೋದ ಪೈಸೆ 2016ರ ನಂತರ ಮೊಬೈಲಿನಲ್ಲಿ ಮರಳಿ ಬಂದಿದೆ. ಯುಪಿಐಯಲ್ಲಿ 47 ರೂಪಾಯಿ 50 ಪೈಸೆಯನ್ನು ಹಾಗೆಯೇ ಕಳಿಸಬಹುದು. ಆದರೂ ತರಕಾರಿ ತೂಗಿದ ಮೇಲೆ ಬಾಯಿಗೆ ಬರುವುದು 48 ಎಂದೇ, ಬೆರಳು ಒತ್ತುವುದೂ 48ನ್ನೇ.

ನಮ್ಮ ಬೀದಿಯ ದರ್ಜಿ ಅಂಗಡಿಗೆ ಸಹಕಾರಿ ಸಂಘದ ಪಿಗ್ಮಿಯವರು ಈಗಲೂ ದಿನಾ ಸಂಜೆ ಬರುತ್ತಾರೆ. ಕೈಯಲ್ಲಿ ಪುಟ್ಟ ಯಂತ್ರ. ಮೊನ್ನೆ ನನ್ನ 23 ಎಂಟಾಣೆ ತೋರಿಸಿ, ಖಾತೆ ತೆರೆದರೆ ಇದನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಅವರು ಒಂದು ನಾಣ್ಯ ಎತ್ತಿ ತಿರುಗಿಸಿ ನೋಡಿದರು. "ತೆಗೊಳ್ಳಬಹುದು. ನಾಳೆ ಕೌಂಟರಿನಲ್ಲಿ ನಾನೇ ಬೈಸಿಕೊಳ್ಳಬೇಕಷ್ಟೆ," ಎಂದು ನಕ್ಕು, ದರ್ಜಿಯ ಐವತ್ತು ರೂಪಾಯಿಗೆ ರಶೀದಿ ಹರಿದು ಕೊಟ್ಟು ಮುಂದಿನ ಅಂಗಡಿಗೆ ಹೋದರು. ರಶೀದಿಯಲ್ಲಿ ಐವತ್ತರ ಮುಂದೆ ಒಂದು ಚುಕ್ಕೆ, ಎರಡು ಸೊನ್ನೆ ಇದ್ದವು.